ದಾರಿ ತಪ್ಪಿದ್ದು ಹುಡುಗಿಯಲ್ಲ, ಪಾತ್!

ಬ್ಲಾಗಿಗೆ ಧೂಳು ಹಿಡಿದು ಆರು ತಿಂಗಳಾಯ್ತು. ಇವತ್ತು ಧೂಳು ಒರೆಸಿ ಕೂತಿರೋದು ಕವನ ಬರೆಯೋಕಲ್ಲ, ಜಗಳ ಆಡೋಕೆ. ಯಾರ ಜೊತೆ ಅಂತೀರಾ? ನಿಮ್ಮ ಜೊತೆಯೇ. ಅಂದ್ರೆ ನನ್ನ ಜೊತೆಯೂ ಹೌದು. ಹೊಟ್ಟೆಪಾಡಿಗೆ ಸಾಫ್ಟ್‌ವೇರ್ ಕೆಲಸ ಮಾಡ್ತಾ, ಮನಸ್ಸಿನ ಖುಷಿಗೆ ಕನ್ನಡದಲ್ಲಿ ಬ್ಲಾಗ್ ಬರೆಯೋ ನಮ್ಮೆಲ್ಲರ ಜೊತೆ. ಸ್ವಲ್ಪ ಉದ್ದ ಇದೆ, ಚಹಾ ತಗೊಂಡು ಕೂತ್ಕೊಳ್ಳಿ.

ಮೊದಲು ಕಥೆ, ಆಮೇಲೆ ಜಗಳ.

ದಸರಾ ರಜೆಗೆ ಊರಿಗೆ ಹೋಗಿದ್ದೆ. ಊರು ಅಂದ್ರೆ ಸಿಂಧನೂರು. ತುಂಗಭದ್ರಾ ಎಡದಂಡೆ ಕಾಲುವೆ, ಭತ್ತದ ಗದ್ದೆ, ರೈಸ್ ಮಿಲ್ಲು, ಕ್ಯಾಂಪುಗಳು.. ಗೊತ್ತಿದ್ದವರಿಗೆ ಗೊತ್ತು. ನಮ್ಮ ಚಿಕ್ಕಪ್ಪ ಇರೋದು ಮಸ್ಕಿಯಲ್ಲಿ, ಗೊಬ್ಬರದ ಅಂಗಡಿ. ಅವರ ಮಗಳು ದಿನಾ ಬಸ್ಸು ಹತ್ತಿ ಲಿಂಗಸುಗೂರಿಗೆ ಹೋಗಿ ಅಲ್ಲಿನ ಕಾಲೇಜೊಂದರಲ್ಲಿ ಬಿಸಿಎ ಓದ್ತಾಳೆ. ಕೊನೇ ವರ್ಷ. ಆಯುಧ ಪೂಜೆ ಮುಗಿದ ಮಾರನೇ ದಿನ ಫೋನ್ ಬಂತು.

"ಅಣ್ಣಾ, ಜಾಂಗೋ ಬರವಲ್ದು. ಮೂರು ದಿನ ಆತು."

"ಎಲ್ಲಿ ನಿಂತದ?"

"ನಿಲ್ಲಾಕ ಸುರುನ ಆಗಿಲ್ಲ. ನನಗ ತಲಿ ಇಲ್ಲ ಅನಸ್ತದ ಬಿಡು. ನಮ್ಮ ಗೆಳತ್ಯಾರು ರೊಕ್ಕ ಕೊಟ್ಟು ರೆಡಿ ಪ್ರಾಜೆಕ್ಟ್ ತರಸ್ಕೊಳ್ಳಾಕತ್ಯಾರ. ನಾನೂ ತರಸ್ಲೇನು?"

ಅವಳು ಮಾಡಬೇಕು ಅಂದುಕೊಂಡಿದ್ದ ಪ್ರಾಜೆಕ್ಟ್ ಏನು ಗೊತ್ತಾ? ಅಪ್ಪನ ಅಂಗಡಿಯ ಉದ್ರಿ ಲೆಕ್ಕ. ಯಾರು ಎಷ್ಟು ಚೀಲ ಒಯ್ದರು, ಸುಗ್ಗಿ ಆದಮೇಲೆ ಎಷ್ಟು ಕೊಟ್ಟರು, ಬಾಕಿ ಎಷ್ಟು. ಚಿಕ್ಕಪ್ಪ ಇದನ್ನೆಲ್ಲ ಕೆಂಪು ಬಟ್ಟೆಯ ಪುಸ್ತಕದಲ್ಲಿ ಬರೀತಾರೆ, ವರ್ಷಕ್ಕೊಂದೆರಡು ಸಲ ಅದರಿಂದ ಜಗಳ ಆಗುತ್ತೆ. ಆ ಪುಸ್ತಕವನ್ನು ವೆಬ್ ಪೇಜ್ ಮಾಡಬೇಕು ಅನ್ನೋದು ಹುಡುಗಿಯ ಆಸೆ. ನಾನು ಬೆಂಗಳೂರಿನಲ್ಲಿ ಮಾಡೋ ಕೆಲಸಕ್ಕಿಂತ ಇದು ಸಾವಿರ ಪಾಲು ಉಪಯೋಗದ ಕೆಲಸ. ಇಂಥ ಹುಡುಗಿ "ನನಗೆ ತಲೆ ಇಲ್ಲ" ಅಂತಿದ್ದಾಳೆ!

ಸಂಜೆ ಬಸ್ಸು ಹತ್ತಿ ಮಸ್ಕಿಗೆ ಹೋದೆ. ಲ್ಯಾಪ್‌ಟಾಪ್ ತೆರೆದು ನೋಡಿದ್ರೆ ಆ ಮೂರು ದಿನದ ಚರಿತ್ರೆ ಪೂರ್ತಿ ಕಣ್ಣ ಮುಂದೆ. ಒಂದೊಂದಾಗಿ ಹೇಳ್ತೀನಿ, ಯಾಕಂದ್ರೆ ನನ್ನ ಜಗಳದ ಬೇರು ಇಲ್ಲೇ ಇದೆ.

ಮೊದಲನೇ ದಿನ ಪೈಥಾನ್ ಇನ್‌ಸ್ಟಾಲ್ ಮಾಡಿದ್ದಾಳೆ. ಆ ಇನ್‌ಸ್ಟಾಲರ್‌ನ ಮೊದಲ ಪರದೆಯ ತಳದಲ್ಲಿ "ಪಾತ್‌ಗೆ ಸೇರಿಸು" ಅನ್ನೋ ಅರ್ಥದ ಒಂದು ಸಣ್ಣ ಚೌಕ ಇರುತ್ತೆ. ಅದರಲ್ಲಿ ತಾನಾಗಿ ಟಿಕ್ ಬಿದ್ದಿರಲ್ಲ, ನಾವೇ ಹಾಕಬೇಕು. ಅವಳು ಹಾಕಿಲ್ಲ. ಯಾರು ಹಾಕ್ತಾರೆ? ಪಾತ್ ಅಂದ್ರೆ ಏನು ಅಂತ ಆ ಪರದೆ ಹೇಳಲ್ಲವಲ್ಲ.

ಆಮೇಲೆ ಕಪ್ಪು ಕಿಟಕಿ ತೆರೆದು ಪೈಥಾನ್ ಅಂತ ಟೈಪ್ ಮಾಡಿದ್ರೆ ಪೈಥಾನ್ ಬರಲಿಲ್ಲ, ಮೈಕ್ರೋಸಾಫ್ಟ್ ಸ್ಟೋರ್ ತೆರೆದುಕೊಂಡಿತು. 2019ರಿಂದ ಈಚೆಗೆ ವಿಂಡೋಸ್‌ನಲ್ಲಿ ಹೀಗೊಂದು ಏರ್ಪಾಡು ಇದೆ, ಪೈಥಾನ್ ಸಿಗದಿದ್ರೆ ಸ್ಟೋರಿಗೆ ಕಳಿಸುತ್ತೆ. "ಓಹೋ, ನಾನು ಹಾಕಿದ್ದು ಸರಿ ಇಲ್ಲ" ಅಂದುಕೊಂಡು ಅಲ್ಲಿಂದ ಇನ್ನೊಂದು ಪೈಥಾನ್ ಇಳಿಸಿದ್ಲು. ಈಗ ಎರಡಾಯ್ತು.

ಇದಕ್ಕೆ ಪಿಪ್ ಮೂಲಕ ಜಾಂಗೋ ಹಾಕಿದ್ಲು. ಜಾಂಗೋ ಬಂತು. ಜೊತೆಗೆ ಹಳದಿ ಅಕ್ಷರದಲ್ಲಿ ಒಂದು ಎಚ್ಚರಿಕೆಯೂ ಬಂತು: "ಜಾಂಗೋ-ಅಡ್ಮಿನ್ ಅನ್ನೋ ಫೈಲನ್ನು ಇಂಥ ಫೋಲ್ಡರಿನಲ್ಲಿ ಇಟ್ಟಿದ್ದೀನಿ, ಆದರೆ ಆ ಫೋಲ್ಡರ್ ಪಾತ್‌ನಲ್ಲಿ ಇಲ್ಲ." ಇಡೀ ಮೂರು ದಿನದ ಕಾಯಿಲೆಗೆ ಔಷಧಿ ಆ ಹಳದಿ ಸಾಲಿನಲ್ಲೇ ಇತ್ತು! ಆದರೆ ಅದು ಮೂರು ಸಾಲು ಇಂಗ್ಲಿಷು, ಮಧ್ಯದಲ್ಲಿ ಒಂದು ಮಾರುದ್ದದ ವಿಳಾಸ. ಅದರ ಕೆಳಗೇ "ಸಕ್ಸೆಸ್‌ಫುಲಿ ಇನ್‌ಸ್ಟಾಲ್ಡ್" ಅಂತ ಕಂಡಮೇಲೆ ಹಳದಿಯನ್ನು ಯಾರು ಓದ್ತಾರೆ?

ಮುಂದಿನ ಹೆಜ್ಜೆಗೆ ಜಾಂಗೋ-ಅಡ್ಮಿನ್ ಅಂತ ಟೈಪ್ ಮಾಡಿದ್ರೆ ಬಂತು ನೋಡಿ ಮಹಾಮಂತ್ರ: "ಈಸ್ ನಾಟ್ ರೆಕಗ್ನೈಸ್ಡ್ ಆಸ್ ಆ್ಯನ್ ಇಂಟರ್ನಲ್ ಆರ್ ಎಕ್ಸ್‌ಟರ್ನಲ್ ಕಮಾಂಡ್".

ಎರಡನೇ ದಿನ ಯಾವುದೋ ವಿಡಿಯೋ ನೋಡಿ ಆ ಮಾರುದ್ದದ ವಿಳಾಸವನ್ನೇ ಪೂರ್ತಿ ಟೈಪ್ ಮಾಡಿದ್ದಾಳೆ. ಒಳ್ಳೇ ಪ್ರಯತ್ನ. ಆದರೆ ಲ್ಯಾಪ್‌ಟಾಪ್‌ಗೆ ವಿಂಡೋಸ್ ಹಾಕಿಕೊಟ್ಟ ಅಂಗಡಿಯವನು ತನ್ನ ಅಂಗಡಿ ಹೆಸರನ್ನೇ ಯೂಸರ್ ನೇಮ್ ಮಾಡಿಟ್ಟಿದ್ದಾನೆ. ಎರಡು ಪದದ ಹೆಸರು, ಮಧ್ಯೆ ಒಂದು ಸ್ಪೇಸ್. ಉದ್ಧರಣ ಚಿಹ್ನೆ ಹಾಕದೆ ವಿಳಾಸ ಬರೆದರೆ ಕಮಾಂಡ್ ಪ್ರಾಂಪ್ಟ್ ಆ ಸ್ಪೇಸ್ ತನಕ ಮಾತ್ರ ಓದಿ, ಉಳಿದದ್ದು ಬೇರೆ ಏನೋ ಅಂದುಕೊಳ್ಳುತ್ತೆ. ಅರ್ಧ ವಿಳಾಸ ಹಿಡಿದು ಹೊರಟ ಪೋಸ್ಟ್‌ಮ್ಯಾನ್ ಥರ ವಾಪಸ್ ಬಂದು ಮತ್ತೆ ಅದೇ ಮಂತ್ರ: ನಾಟ್ ರೆಕಗ್ನೈಸ್ಡ್.

ಮೂರನೇ ದಿನ ಇನ್ನೊಂದು ವಿಡಿಯೋದಲ್ಲಿ "ಪೈಥಾನ್ ಮತ್ತೆ ಹಾಕಿ, ಟಿಕ್ ಮರೀಬೇಡಿ" ಅಂತ ಹೇಳಿದ್ದಾರೆ. ಬೇರೆ ವರ್ಷನ್ ಇಳಿಸಿ, ಟಿಕ್ ಹಾಕಿ, ಮೂರನೇ ಪೈಥಾನ್ ಹಾಕಿದ್ಲು. ಈಗ ಪೈಥಾನ್ ಅಂದ್ರೆ ಮೂರನೆಯದು ಓಡುತ್ತೆ. ಜಾಂಗೋ ಇರೋದು ಎರಡನೆಯದರಲ್ಲಿ. ಹಾಗಾಗಿ ಹೊಸ ಮಂತ್ರ: "ನೋ ಮಾಡ್ಯೂಲ್ ನೇಮ್ಡ್ ಜಾಂಗೋ". ಹಾಕಿದ ಜಾಂಗೋ ಎಲ್ಲಿ ಹೋಯ್ತು? ಆವಾಗಲೇ ನನಗೆ ಫೋನ್ ಬಂದದ್ದು.

ಈಗ ಹೇಳಿ ಗೆಳೆಯರೇ, ಇದರಲ್ಲಿ ಪ್ರೋಗ್ರಾಮಿಂಗ್ ಎಲ್ಲಿದೆ? ತಲೆ ಇಲ್ಲ ಅನ್ನೋಕೆ ಇಲ್ಲಿ ತಲೆಯ ಪರೀಕ್ಷೆಯೇ ನಡೆದಿಲ್ಲ. ಪ್ರತಿ ಹೆಜ್ಜೆಯಲ್ಲೂ ಅವಳು ಮಾಡಿದ್ದು ತರ್ಕಬದ್ಧವಾಗಿಯೇ ಇದೆ. ತಿಳಿಯದೇ ಇದ್ದದ್ದು ಒಂದೇ ಒಂದು ಪದ. ಪಾತ್.

ಅವಳಿಗೆ ನಾನು ಹೇಳಿದ್ದು ಇಷ್ಟೇ: "ನಿಮ್ಮ ಅಂಗಡಿಗೆ ಹೊಸ ಹಮಾಲಿ ಬಂದಾನ ಅನ್ಕೋ. ಬಸವರಾಜನ್ನ ಕರಕೊಂಡು ಬಾ ಅಂತ ಕಳಸ್ತಿ. ಅವನ ಕೈಯಾಗ ಒಂದು ಚೀಟಿ ಕೊಟ್ಟಿ, ಈ ಈ ಓಣಿ ನೋಡು ಅಂತ. ಅವ ಚೀಟಿಯೊಳಗಿನ ಓಣಿ ಮಾತ್ರ ನೋಡ್ತಾನ, ಬರೆದ ಕ್ರಮದಾಗ ನೋಡ್ತಾನ. ಮೊದಲ ಸಿಕ್ಕ ಬಸವರಾಜನ್ನ ಹಿಡಕೊಂಡು ಬರ್ತಾನ. ಚೀಟಿಯೊಳಗ ಇಲ್ಲದ ಓಣಿಯಾಗ ಖರೇ ಬಸವರಾಜ ಕುಂತಿದ್ರೂ 'ಅಂಥವರು ಯಾರೂ ಇಲ್ರೀ' ಅಂತ ವಾಪಸ್ ಬರ್ತಾನ. ಆ ಚೀಟಿನ ಪಾತ್."

ಹುಡುಗಿ ಎರಡು ನಿಮಿಷ ಸುಮ್ಮನಿದ್ದು, "ಅಂದ್ರ ಈಗ ಮೂರು ಮಂದಿ ಬಸವರಾಜ ಅದಾರ, ಜಾಂಗೋ ಗುರ್ತು ಇರೋದು ಎರಡನೇದಾವನಿಗೆ, ಬರೋದು ಮೂರನೇದಾವ. ಹೌದಿಲ್ಲೋ?" ಅಂದ್ಲು.

ತಲೆ ಇಲ್ಲವಂತೆ, ತಲೆ! :-)

ಆಮೇಲೆ ನಾನು ಕೀಬೋರ್ಡ್ ಮುಟ್ಟಲಿಲ್ಲ, ಅವಳೇ ಮಾಡಿದ್ದು. ಪಿ-ವೈ, ಸ್ಪೇಸ್, ಡ್ಯಾಶ್, ಸೊನ್ನೆ, ಪಿ ಅಂತ ಟೈಪ್ ಮಾಡಿ ಮೂರೂ ಪೈಥಾನ್‌ಗಳ ವಿಳಾಸ ನೋಡಿದ್ಲು. ಎರಡನ್ನು ತೆಗೆದು ಹಾಕಿದ್ಲು. ಸೆಟ್ಟಿಂಗ್ಸ್‌ನಲ್ಲಿ ಆ್ಯಪ್ ಎಕ್ಸಿಕ್ಯೂಷನ್ ಅಲಿಯಾಸ್ ಅನ್ನೋ ಕಡೆ ಹೋಗಿ ಪೈಥಾನ್ ಹೆಸರಿನ ಸ್ವಿಚ್ ಆಫ್ ಮಾಡಿದ್ಲು. ಹಳೇ ಕಪ್ಪು ಕಿಟಕಿ ಮುಚ್ಚಿ ಹೊಸದು ತೆರೆದ್ಲು (ಇದು ಮುಖ್ಯ. ಚೀಟಿಯ ನಕಲು ಸಿಗೋದು ಕಿಟಕಿ ತೆರೆಯುವಾಗ ಮಾತ್ರ, ತೆರೆದಿರೋ ಕಿಟಕಿಗೆ ಹೊಸ ಚೀಟಿ ತಾನಾಗಿ ತಲುಪಲ್ಲ). ಅಂಗಡಿಯವನ ಸ್ಪೇಸ್ ತಂಟೆ ಬೇಡ ಅಂತ ಸಿ ಡ್ರೈವಿನಲ್ಲೇ ಉದ್ರಿ ಅಂತ ಫೋಲ್ಡರ್ ಮಾಡಿ, ಅದರೊಳಗೆ ವರ್ಚುವಲ್ ಎನ್ವಿರಾನ್ಮೆಂಟ್ ಮಾಡಿದ್ಲು. ಅದನ್ನು ಶುರು ಮಾಡೋಕೆ ಹೋದ್ರೆ ಪವರ್‌ಶೆಲ್ "ಈ ಸಿಸ್ಟಮ್ಮಿನಲ್ಲಿ ಸ್ಕ್ರಿಪ್ಟ್ ಓಡಿಸೋ ಹಾಗಿಲ್ಲ" ಅಂತ ಕೆಂಪಗೆ ಬೈಯ್ತು. ಅದು ಸುರಕ್ಷತೆಗಾಗಿ ಇಟ್ಟ ಬೀಗ. ಎಕ್ಸಿಕ್ಯೂಷನ್ ಪಾಲಿಸಿಯನ್ನು ತನ್ನ ಯೂಸರ್ ಮಟ್ಟಿಗೆ ಮಾತ್ರ ರಿಮೋಟ್‌ಸೈನ್ಡ್ ಅಂತ ಬದಲಿಸಿದ್ರೆ ಸಾಕು. ಬದಲಿಸಿದ್ಲು. ಪೈಥಾನ್ ಡ್ಯಾಶ್ ಎಂ ಪಿಪ್ ಅಂತಲೇ ಶುರು ಮಾಡಿ ಜಾಂಗೋ ಹಾಕಿದ್ಲು. ಹಾಗೆ ಬರೆದರೆ ಯಾವ ಪೈಥಾನ್ ಓಡುತ್ತೋ ಅದಕ್ಕೇ ಜಾಂಗೋ ಹೋಗುತ್ತೆ, ಎರಡನೇ ಬಸವರಾಜನ ಗೊಂದಲವೇ ಇಲ್ಲ.

ಒಂದು ಕಡೆ ಮತ್ತೆ ಮುಖ ಸಪ್ಪಗಾಯ್ತು. ಅಡ್ಮಿನ್ ಪಾಸ್‌ವರ್ಡ್ ಟೈಪ್ ಮಾಡುವಾಗ ಪರದೆ ಮೇಲೆ ಏನೂ ಮೂಡ್ತಿಲ್ಲ. "ಕೀಬೋರ್ಡ್ ಹೋತೇನಣ್ಣಾ?" ಅಂದ್ಲು. ಇಲ್ಲಮ್ಮ, ಅದು ಬೇಕಂತಲೇ ತೋರಿಸಲ್ಲ, ಕಣ್ಣು ಮುಚ್ಚಿ ಟೈಪ್ ಮಾಡಿ ಎಂಟರ್ ಒತ್ತು ಅಂದೆ.

ಬ್ರೌಸರಿನಲ್ಲಿ ಜಾಂಗೋದ ರಾಕೆಟ್ ಚಿತ್ರ ಬಂತು. ನಾನು ಸೆಟ್ಟಿಂಗ್ಸ್ ಫೈಲಿನಲ್ಲಿ ಭಾಷೆಯ ಸಾಲು ತೋರಿಸಿ, ಇಂಗ್ಲಿಷಿನ ಸಂಕೇತ ತೆಗೆದು 'ಕೆ-ಎನ್' ಹಾಕು ಅಂದೆ. ಅಡ್ಮಿನ್ ಪುಟ ಕನ್ನಡದಲ್ಲಿ ತೆರೆದುಕೊಂಡಿತು! ಅಲ್ಲಲ್ಲಿ ಇಂಗ್ಲಿಷ್ ಉಳಿದಿದೆ, ಇರಲಿ. ಅಂಗಡಿ ಮುಚ್ಚಿ ಬಂದ ಚಿಕ್ಕಪ್ಪ ಕನ್ನಡಕ ಏರಿಸಿ ನೋಡಿ, "ಇದರಾಗ ಉದ್ರಿ ಬರೀಬಹುದೇನು?" ಅಂದ್ರು.

ಒಟ್ಟು ಹಿಡಿದದ್ದು ಒಂದು ತಾಸು. ಕಥೆ ಮುಗಿಯಿತು. ಈಗ ಜಗಳ.

ಮೊದಲು ನನ್ನ ಮರ್ಯಾದೆ ತೆಗೆದುಕೊಳ್ಳೋಣ. ಇಂಜಿನಿಯರಿಂಗ್ ಕೊನೇ ವರ್ಷದಲ್ಲಿ ನಾನೂ ದುಡ್ಡು ಕೊಟ್ಟು ಪ್ರಾಜೆಕ್ಟ್ ತಂದವನೇ. ಕಾರಣ? ಇಂಥದೇ ಒಂದು ಟೂಲ್ ಇನ್‌ಸ್ಟಾಲ್ ಆಗಲಿಲ್ಲ, ಅಷ್ಟೇ. ಎರಡು ವಾರ ಒದ್ದಾಡಿ, ಯಾರನ್ನೂ ಕೇಳೋಕೆ ನಾಚಿಕೆಯಾಗಿ, ಸ್ನೇಹಿತರ ಜೊತೆ ಹೋಗಿ ಸಿಡಿ ತಂದೆ. ವೈವಾದಲ್ಲಿ ಒಳ್ಳೇ ಮಾರ್ಕ್ಸೂ ಬಂತು. ಆದರೆ ಆಮೇಲೆ ಬಹಳ ದಿನ ನನ್ನನ್ನು ಕಾಡಿದ್ದು "ನಾನು ನಿಜವಾದ ಇಂಜಿನಿಯರ್ ಅಲ್ಲ" ಅನ್ನೋ ಅಳುಕು. ಕೆಲಸಕ್ಕೆ ಸೇರಿದ ಎರಡನೇ ವಾರ ಸೀನಿಯರ್ ಒಬ್ಬರು ಪಾತ್ ಅಂದ್ರೆ ಏನು ಅಂತ ಐದು ನಿಮಿಷದಲ್ಲಿ ತೋರಿಸಿದಾಗ ನನಗೆ ಸಂತೋಷ ಆಗಲಿಲ್ಲ, ಸಿಟ್ಟು ಬಂತು. ಇಷ್ಟೇನಾ! ಇಷ್ಟಕ್ಕಾ ನಾನು ನನ್ನನ್ನು ದಡ್ಡ ಅಂದುಕೊಂಡಿದ್ದು!

ಸರಿ, ಆ ಐದು ನಿಮಿಷದ ಮಾತನ್ನು ನಾನು ಎಲ್ಲಾದರೂ ಕನ್ನಡದಲ್ಲಿ ಬರೆದೆನಾ? ಇಲ್ಲ. ಮಳೆ ಬಗ್ಗೆ ಬರೆದೆ. ಊರ ಜಾತ್ರೆ ಬಗ್ಗೆ ಬರೆದೆ. ಬೆಂಗಳೂರಿನ ಟ್ರಾಫಿಕ್ ಬಗ್ಗೆ ನಾಲ್ಕು ಸಲ ಬರೆದೆ. ನೀವೂ ಅಷ್ಟೇ ಅಲ್ವಾ?

ನಮ್ಮ ಹಿಂದಿನವರು ಹೀಗಿರಲಿಲ್ಲ ಸ್ವಾಮಿ. ನಾನು ಪ್ರೈಮರಿ ಶಾಲೆಯಲ್ಲಿದ್ದಾಗಿನ ಕನ್ನಡ ಬ್ಲಾಗುಗಳನ್ನು ಈಗ ಹುಡುಕಿ ಓದ್ತಾ ಇರ್ತೀನಿ. ಆಗ ಅವರ ಮುಂದಿದ್ದ ಸಮಸ್ಯೆ ಡಬ್ಬಿ ಡಬ್ಬಿ ಅಕ್ಷರ. ವಿಂಡೋಸ್ ಎಕ್ಸ್‌ಪಿಯಲ್ಲಿ ತುಂಗಾ ಫಾಂಟ್ ಇತ್ತು, ಆದರೆ ಕಂಟ್ರೋಲ್ ಪ್ಯಾನೆಲ್‌ಗೆ ಹೋಗಿ, ಸಂಕೀರ್ಣ ಲಿಪಿಗಳ ಚೌಕಕ್ಕೆ ಟಿಕ್ ಹಾಕಿ, ಸಿಡಿ ಹಾಕಿ, ರೀಸ್ಟಾರ್ಟ್ ಮಾಡಿದ್ರೆ ಮಾತ್ರ ಕನ್ನಡ ನೆಟ್ಟಗೆ ಕಾಣ್ತಿತ್ತು. ಅಂದ್ರೆ ಆಗಲೂ ಇದ್ದದ್ದು ಯಾರ ಕಣ್ಣಿಗೂ ಬೀಳದ ಒಂದು ಟಿಕ್! "ಕನ್ನಡ ಕಾಣುತ್ತಿಲ್ಲವೇ?" ಅಂತ ಬ್ಲಾಗಿನ ಪಕ್ಕದಲ್ಲಿ ಒಂದು ಕೊಂಡಿ ಇಟ್ಟು, ಹೆಜ್ಜೆ ಹೆಜ್ಜೆಯಾಗಿ ಬರೆದಿಟ್ಟಿದ್ದಾರೆ. ಶೇಷಾದ್ರಿವಾಸು ಅವರ ಬರಹ 1998ರಲ್ಲಿ ಬಂತು, ಕನ್ನಡ ವಿಕಿಪೀಡಿಯ 2003ರಲ್ಲಿ, ಸಂಪದ 2005ರಲ್ಲಿ. ಇದೆಲ್ಲ ಸಾಮಾನ್ಯ ಓದುಗನ ತನಕ ಮುಟ್ಟಿದ್ದು ಇಂಥ ನೂರಾರು ಸಣ್ಣ ಸಣ್ಣ "ಹೀಗೆ ಮಾಡಿ" ಬರಹಗಳಿಂದ. ಆಗ ಯಾರೂ "ಕಂಟ್ರೋಲ್ ಪ್ಯಾನೆಲ್ ಅರ್ಥ ಆಗದವನು ಕನ್ನಡ ಓದೋದು ಬೇಡ" ಅನ್ನಲಿಲ್ಲ. ನಮಗೆ ಕನ್ನಡ ಕಾಣೋ ಹಾಗೆ ಆಯ್ತು. ಕಂಡ ತಕ್ಷಣ ಏಣಿ ಮೇಲೆತ್ತಿಕೊಂಡುಬಿಟ್ಟೆವು.

ನೀವೇನು ಹೇಳ್ತೀರಿ ಅಂತ ನನಗೆ ಗೊತ್ತು. ಒಂದೊಂದಾಗಿ ಬನ್ನಿ.

ಒಂದು: "ಸಾಫ್ಟ್‌ವೇರ್ ಮಾಡೋರಿಗೆ ಇಂಗ್ಲಿಷ್ ಬರಲೇಬೇಕು, ಮೊದಲು ಅದನ್ನು ಕಲೀಲಿ." ಕಲೀತಾಳೆ, ಕಲೀತಿದ್ದಾಳೆ. ಕಮಾಂಡುಗಳನ್ನು ಕನ್ನಡ ಮಾಡಿ ಅಂತ ನಾನು ಕೇಳ್ತಿಲ್ಲ. ಕಮಾಂಡ್ ಇಂಗ್ಲಿಷಿನಲ್ಲೇ ಇರಲಿ, ಕಾರಣ ಕನ್ನಡದಲ್ಲಿರಲಿ ಅಂತಿದ್ದೀನಿ. ನಮ್ಮ ಕಡೆ ಕಾಲುವೆಯ ಕೊನೇ ಭಾಗದ ರೈತರಿಗೆ ಟೇಲ್ ಎಂಡ್ ಅಂತಾರೆ. ಗದ್ದೆಗೆ ನೀರು ಬರಲಿಲ್ಲ ಅಂದ್ರೆ ಟೇಲ್ ಎಂಡ್ ರೈತ "ನನಗೆ ಒಕ್ಕಲುತನ ಬರಲ್ಲ" ಅಂತ ಅಳ್ತಾ ಕೂರಲ್ಲ. ಕಾಲುವೆ ದಂಡೆ ಹಿಡಿದು ಮೇಲಕ್ಕೆ ನಡೀತಾನೆ. ತೂಬು ನೋಡ್ತಾನೆ, ಗೇಟು ನೋಡ್ತಾನೆ, ಎಲ್ಲಿ ತನಕ ನೀರಿದೆ, ಎಲ್ಲಿಂದ ಇಲ್ಲ ಅಂತ ನೋಡ್ತಾನೆ. ಟ್ರಬಲ್‌ಶೂಟಿಂಗ್ ಅಂದ್ರೆ ಇದೇ ಅಲ್ವೇನ್ರೀ? ಈ ಬುದ್ಧಿ ನಮ್ಮ ಹುಡುಗರಿಗೆ ರಕ್ತದಲ್ಲೇ ಇದೆ. ಕಾಲುವೆ ಎಲ್ಲಿಂದ ಎಲ್ಲಿಗೆ ಹರಿಯುತ್ತೆ ಅಂತ ಒಂದು ಸಲ ತಿಳಿಯೋ ಭಾಷೆಯಲ್ಲಿ ಹೇಳಬೇಕು, ಅಷ್ಟೇ.

ಎರಡು: "ಮೊದಲು ಸರಿಯಾದ ಕನ್ನಡ ಪಾರಿಭಾಷಿಕ ಪದಗಳು ಆಗಲಿ." ಅಯ್ಯೋ! ಕಮಾಂಡ್ ಲೈನ್‌ಗೆ ಆಜ್ಞಾಸಾಲು ಅನ್ನಬೇಕೋ ಆದೇಶಸಾಲು ಅನ್ನಬೇಕೋ ಅಂತ ಐವತ್ತು ಕಾಮೆಂಟ್ ಹಾಕೋರು ನಾವು. ಆ ಐವತ್ತರಲ್ಲಿ ಒಂದಾದರೂ ಆ ಸಾಲಿನಲ್ಲಿ ಏನು ಟೈಪ್ ಮಾಡಬೇಕು ಅಂತ ಹೇಳಿದೆಯಾ? ಪದ ಹುಟ್ಟೋದು ಬಳಕೆಯಿಂದ. ಬಸ್ಸಿಗೆ ಪದ ಸಿಗೋ ತನಕ ಕಾದಿದ್ರೆ ನಾನು ಮಸ್ಕಿಗೆ ನಡೆದೇ ಹೋಗಬೇಕಿತ್ತು. ಪಾತ್ ಅನ್ನೋದು ಪಥದ ಹಾಗೇ ಕೇಳಿಸುತ್ತೆ, ಸಾಕಲ್ಲ. ಮುಂದೆ ಹೋಗೋಣ.

ಮೂರು, ಈಗಿನ ಹೊಸ ರಾಗ: "ಎಐ ಚಾಟ್‌ಬಾಟ್ ಕೇಳಿದ್ರೆ ಕನ್ನಡದಲ್ಲೇ ಹೇಳುತ್ತೆ, ನೀನ್ಯಾಕೆ ಬರೀಬೇಕು?" ಕೇಳಿದ್ದಾಳೆ ಸ್ವಾಮಿ, ಎರಡನೇ ದಿನವೇ ಕೇಳಿದ್ದಾಳೆ. ಉತ್ತರವೂ ಬಂದಿದೆ, ಕನ್ನಡದಲ್ಲೇ. "ಪರಿಸರ ಚರಾಂಶಗಳಲ್ಲಿ ಮಾರ್ಗವನ್ನು ಸಂಪಾದಿಸಿ" ಅಂತ! ಸಂಪಾದಿಸೋದು ಅಂದ್ರೆ ದುಡ್ಡು ಸಂಪಾದನೆ ಅಂದುಕೊಂಡು ಅವಳೂ ಗೆಳತಿಯರೂ ನಕ್ಕಿದ್ದಾರೆ. ಅಂಥ ಉತ್ತರ ಉಪಯೋಗವೇ ಇಲ್ಲ ಅಂತ ನಾನು ಅನ್ನಲ್ಲ, ದಿನಾ ನಾನೂ ಬಳಸ್ತೀನಿ. ಆದರೆ ಸರಿಯಾದ ಪ್ರಶ್ನೆ ಕೇಳೋಕೆ ಏನು ತಪ್ಪಾಗಿದೆ ಅಂತ ಸ್ವಲ್ಪವಾದರೂ ಗೊತ್ತಿರಬೇಕು. ಮೂರು ಪೈಥಾನ್ ಇವೆ ಅಂತ ಅವಳಿಗೇ ಗೊತ್ತಿಲ್ಲ, ಇನ್ನು ಅವಳು ಅದಕ್ಕೆ ಹೇಗೆ ಹೇಳ್ತಾಳೆ? ಇನ್ನೊಂದು ಮಾತು. ಈ ಯಂತ್ರಗಳು ಕಲಿಯೋದು ಜನ ಬರೆದದ್ದನ್ನು ಓದಿ. ಕನ್ನಡದಲ್ಲಿ ನಾವು ಈ ವಿಷಯ ಬರೆದೇ ಇಲ್ಲದಿದ್ರೆ ಅವು ಇಂಗ್ಲಿಷನ್ನು ತಿರುಗಿಸಿ "ಸಂಪಾದಿಸಿ" ಅನ್ನದೆ ಇನ್ನೇನು ಅಂದಾವು? ತಪ್ಪು ಯಂತ್ರದ್ದಲ್ಲ, ಬೀಜ ಬಿತ್ತದೆ ಬೆಳೆ ಕೇಳೋ ನಮ್ಮದು.

ನಾಲ್ಕು: "ಇದನ್ನು ಕಾಲೇಜಿನಲ್ಲಿ ಕಲಿಸಬೇಕು." ಕಲಿಸಬೇಕು, ಒಪ್ಪಿದೆ. ಆದರೆ ನನ್ನ ಕಾಲೇಜಿನ ಲ್ಯಾಬಿನಲ್ಲಿ ಎಲ್ಲವೂ ಮೊದಲೇ ಹಾಕಿಟ್ಟಿರುತ್ತಿತ್ತು. ನಾವು ಹೋಗಿ ರೆಕಾರ್ಡಿನಲ್ಲಿದ್ದ ಪ್ರೋಗ್ರಾಮ್ ಟೈಪ್ ಮಾಡಿ ಔಟ್‌ಪುಟ್ ತೋರಿಸಿ ಬರೋದು. ಖಾಲಿ ಗಣಕದ ಮುಂದೆ ಕೂತು ಶುರು ಮಾಡೋದು ಹೇಗೆ ಅನ್ನೋದಕ್ಕೆ ಮಾರ್ಕ್ಸ್ ಇರಲಿಲ್ಲ. ನಿಮ್ಮ ಕಾಲೇಜೂ ಹೀಗೇ ಇತ್ತು ಅಂತ ಪಂಥ ಕಟ್ತೀನಿ. ಆ ಪಠ್ಯ ಬದಲಾಗೋ ತನಕ ನನ್ನ ತಂಗಿ ಕಾಯಬೇಕಾ?

ಈ ಜಾಂಗೋ ಹುಟ್ಟಿದ್ದು ಎಲ್ಲಿ ಗೊತ್ತಾ? ಸಿಲಿಕಾನ್ ವ್ಯಾಲಿಯಲ್ಲಲ್ಲ. ಅಮೆರಿಕದ ಕಾನ್ಸಸ್ ರಾಜ್ಯದ ಲಾರೆನ್ಸ್ ಅನ್ನೋ ಊರಿನ ಒಂದು ಪತ್ರಿಕೆಯ ಕಚೇರಿಯಲ್ಲಿ. 2003ರಲ್ಲಿ ಏಡ್ರಿಯನ್ ಹೊಲೊವಾಟಿ ಮತ್ತು ಸೈಮನ್ ವಿಲಿಸನ್ ತಮ್ಮ ಪತ್ರಿಕೆಯ ವೆಬ್‌ಸೈಟಿನ ಕೆಲಸಕ್ಕೆ ಅಂತ ಕಟ್ಟಿಕೊಂಡದ್ದು, 2005ರಲ್ಲಿ ಎಲ್ಲರಿಗೂ ಬಿಟ್ಟುಕೊಟ್ಟರು. ದೊಡ್ಡ ಊರಲ್ಲದ ಊರಿನಿಂದ ಬಂದ ಟೂಲು ಅದು. ಅದರ ಕೈಪಿಡಿ ಫ್ರೆಂಚ್, ಜಪಾನಿ, ಕೊರಿಯನ್ ಭಾಷೆಗಳಲ್ಲೂ ಇದೆ. ಆ ಪಟ್ಟಿಯಲ್ಲಿ ಕನ್ನಡ ಕಾಣಲ್ಲ. ಯಾರೂ ಬೇಡ ಅಂದಿಲ್ಲ, ನಾವು ಬರೆದಿಲ್ಲ. ಅಡ್ಮಿನ್ ಪುಟ ಕನ್ನಡದಲ್ಲಿ ತೆರೆದುಕೊಂಡಿತಲ್ಲ, ಅದನ್ನು ಅನುವಾದಿಸಿದವರೂ ನಮ್ಮ ನಿಮ್ಮಂಥವರೇ. ಅವರಿಗೊಂದು ದೊಡ್ಡ ನಮಸ್ಕಾರ.

ಮಾರನೇ ದಿನ ಬೆಳಗ್ಗೆ ತಂಗಿ ಜೊತೆ ಅಶೋಕನ ಶಾಸನದ ಗುಡ್ಡಕ್ಕೆ ಹೋಗಿದ್ದೆ. 1915ರಲ್ಲಿ ಬೀಡನ್ ಅನ್ನೋ ಚಿನ್ನದ ಗಣಿಯ ಇಂಜಿನಿಯರ್ ಕಣ್ಣಿಗೆ ಬಿದ್ದ ಬಂಡೆ ಅದು. ಅಲ್ಲಿಯ ತನಕ ಸಿಕ್ಕಿದ್ದ ಶಾಸನಗಳಲ್ಲಿ ಇದ್ದದ್ದು ದೇವಾನಾಂಪ್ರಿಯ, ಪ್ರಿಯದರ್ಶಿ ಅನ್ನೋ ಬಿರುದುಗಳು. ಅಶೋಕ ಅನ್ನೋ ಹೆಸರು ನೇರವಾಗಿ ಸಿಕ್ಕಿದ್ದು ಮಸ್ಕಿಯಲ್ಲೇ ಮೊದಲು. ನಮ್ಮೂರಿನವರು ಇಷ್ಟನ್ನೂ ಹೆಮ್ಮೆಯಿಂದ ಹೇಳ್ತೀವಿ. ಆದರೆ ಅದರಲ್ಲಿ ಬರೆದದ್ದೇನು ಅಂತ ಹೇಳೋರು ಕಡಿಮೆ. ಇದು ದೊಡ್ಡವರಿಗಷ್ಟೇ ಸಾಧ್ಯ ಅಂದುಕೊಳ್ಳಬೇಡಿ, ಸಣ್ಣವರಿಗೂ ಸಾಧ್ಯ, ಇಬ್ಬರಿಗೂ ತಿಳಿಸಿ ಅನ್ನೋ ಅರ್ಥದ ಮಾತು ಅಲ್ಲಿದೆ. ಅವನು ಹೇಳಿದ್ದು ಧರ್ಮದ ವಿಷಯ, ನಾನು ಹೇಳ್ತಿರೋದು ಹೊಟ್ಟೆಪಾಡಿನ ವಿಷಯ. ಆದರೂ ಅಲ್ಲಿ ನಿಂತಾಗ ನಾಚಿಕೆ ಆಯ್ತು ನನಗೆ. ಎರಡು ಸಾವಿರ ವರ್ಷಕ್ಕೂ ಹಿಂದೆ ಬಂಡೆ ಕೊರೆಸಿ ತಿಳಿಸಿದ್ದಾರೆ. ನಮಗೆ ಬ್ಲಾಗ್ ಪುಕ್ಕಟೆ ಇದೆ.

ಆದ್ದರಿಂದ ನನ್ನ ಕೋರಿಕೆ ಇಷ್ಟು. ಕವನ ಬಿಡಬೇಡಿ, ಜಾತ್ರೆ ಬಿಡಬೇಡಿ. ತಿಂಗಳಿಗೆ ಒಂದೇ ಒಂದು ಪೋಸ್ಟು, ನೀವು ಆ ವಾರ ಯಾವ ಎರರ್ ಜೊತೆ ಗುದ್ದಾಡಿದಿರೋ ಅದರ ಬಗ್ಗೆ ಕನ್ನಡದಲ್ಲಿ ಬರೀರಿ. ಪರದೆ ಮೇಲೆ ಬಂದ ಎರರ್ ಹಾಗೇ ಹಾಕಿ, ಹುಡುಕೋರಿಗೆ ಸಿಗಲಿ. ಯಾಕೆ ಬಂತು ಅಂತ ಹೇಳಿ, ಬರೀ "ಇದನ್ನು ಟೈಪ್ ಮಾಡಿ" ಅಂತ ಬಿಡಬೇಡಿ. ಯಾವ ವರ್ಷನ್, ಯಾವ ತಾರೀಖು ಅಂತ ಬರೀರಿ, ನಾಳೆ ಬದಲಾಗುತ್ತೆ. "ಇದು ತುಂಬಾ ಸುಲಭ" ಅಂತ ಮಾತ್ರ ದಯವಿಟ್ಟು ಬರೀಬೇಡಿ. ಬರದೇ ಇದ್ದವರಿಗೆ ಆ ಪದ ಕಪಾಳಕ್ಕೆ ಹೊಡೆದ ಹಾಗಿರುತ್ತೆ.

ತಂಗಿ ರೆಡಿ ಪ್ರಾಜೆಕ್ಟ್ ತರಸಲಿಲ್ಲ. ಮೊನ್ನೆ ಫೋಟೋ ಕಳಿಸಿದ್ಲು, ಉದ್ರಿ ಪಟ್ಟಿಯಲ್ಲಿ ಏಳು ಹೆಸರು ಇದ್ದವು. ಎಂಟನೆಯದು ಹಾಕಿದ್ರೆ ಯಾವುದೋ ಎರರ್ ಬರ್ತದಂತೆ. "ನೀ ಬರಬ್ಯಾಡ, ನಾನ ನೋಡ್ತೀನಿ" ಅಂದಿದ್ದಾಳೆ. ಗೆಳತಿಯರಿಬ್ಬರಿಗೆ ಬಸವರಾಜನ ಕಥೆಯನ್ನೂ ಹೇಳಿದ್ದಾಳಂತೆ.

ನಿಮ್ಮ ಮೊದಲ ಎರರ್ ಯಾವುದು? ಅದನ್ನೇ ಬರೆದು, ಕಾಮೆಂಟಿನಲ್ಲಿ ಕೊಂಡಿ ಹಾಕಿ. ಬೈಯೋದಿದ್ರೂ ಕಾಮೆಂಟ್ ಡಬ್ಬಿ ತೆರೆದೇ ಇದೆ :-)